ಅಳಿವೆಗೆ ಹೊರಡುವ ಮುಂಚೆ ತಿಥಿ ನೋಡಿ

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲೂಕಿನಲ್ಲಿ ಹೈಸ್ಕೂಲ್ ಶಿಕ್ಷಕಿ. ಆಲಮಟ್ಟಿ ಹಿನ್ನೀರಿನ ದಂಡೆಯಲ್ಲೇ ಬೆಳೆದವಳು. ಹೋದ ಡಿಸೆಂಬರ್‌ನಲ್ಲಿ ನಾಲ್ಕು ಮನೆಯವರು ಕೂಡಿ ಕುಮಟಾ ಹತ್ತಿರದ ಅಘನಾಶಿನಿ ಅಳಿವೆಗೆ, ಅಂದರೆ ಆ ನದಿ ಸಮುದ್ರ ಸೇರುವ ಜಾಗಕ್ಕೆ, ಹೋಗಿದ್ದೆವು. ಮೊದಲ ದಿನ ನಡುಮಧ್ಯಾಹ್ನ ದೋಣಿ ಹತ್ತಿದರೆ ಸುತ್ತ ನೀರೇ ನೀರು, ಹಕ್ಕಿಯೇ ಇಲ್ಲ. ಮರುದಿನ ಸಂಜೆ ಹೋದರೆ ಎಲ್ಲಾ ಕಡೆ ಕೆಸರು. ಹಕ್ಕಿಗಳು ಎಲ್ಲೋ ದೂರದಲ್ಲಿ ಚುಕ್ಕೆಯ ಹಾಗೆ. ಬರುವಾಗ ದೋಣಿ ಮರಳಿಗೆ ಕೂತು ಕತ್ತಲಾಗುವವರೆಗೆ ಒದ್ದಾಡಿದೆವು. ಈ ಸಲ ಮತ್ತೆ ಎರಡು ದಿನಕ್ಕೆ ಹೋಗಬೇಕೆಂದಿದ್ದೇವೆ. ಯಾವಾಗ ಹೋಗಬೇಕು? 12 ವರ್ಷದ ಮಗನಿಗೆ ಹಾಯಿದೋಣಿಯ ಹುಚ್ಚು, ಅಲ್ಲಿ ಅದು ಸಾಧ್ಯವೇ? ಡಾಲ್ಫಿನ್ ಕಾಣುತ್ತವೆಯೇ? ಜೊತೆಗೆ ನಮ್ಮ ಅವ್ವ ಬರುತ್ತಾರೆ, ಮೊಣಕಾಲು ನೋವು, ಚಿಕ್ಕ ದೋಣಿ ಹತ್ತಲು ಆಗುವುದಿಲ್ಲ.

ಉತ್ತರ: ಅಕ್ಕೋರೇ, ನಮಸ್ಕಾರ. ನೀವು ತಾರೀಕು ಬರೆದಿಲ್ಲ. ಆದರೂ ಹೇಳುತ್ತೇನೆ, ನೀವು ಹೋದದ್ದು ಹುಣ್ಣಿಮೆ ಇಲ್ಲವೇ ಅಮಾವಾಸ್ಯೆಯ ಆಸುಪಾಸಿನಲ್ಲಿ. ನಡುಮಧ್ಯಾಹ್ನ ತುಂಬಿದ ನೀರು, ಮರುದಿನ ಸಂಜೆ ಬರೀ ಕೆಸರು ಅಂದಮೇಲೆ ಬೇರೆ ದಿನ ಇರಲು ಸಾಧ್ಯವಿಲ್ಲ. ಅಳಿವೆಯಲ್ಲಿ ಹಕ್ಕಿಗಳು ಇದ್ದವು. ದೋಣಿ ಓಡುವಷ್ಟು ನೀರೂ ಇತ್ತು. ನೀವು ಹೋದ ಹೊತ್ತು ಮಾತ್ರ ಎರಡಕ್ಕೂ ಹೊಂದಲಿಲ್ಲ. ಹೋಟೆಲ್ ಬುಕ್ ಮಾಡುವ ಮುಂಚೆ, ರಜೆ ಹಾಕುವ ಮುಂಚೆ ಉಬ್ಬರ ಇಳಿತದ ಹೊತ್ತು ನೋಡಬೇಕು. ಅಳಿವೆಯಲ್ಲಿ ಮಿಕ್ಕಿದ್ದೆಲ್ಲ ಅದರ ಹಿಂದೆ ಬರುತ್ತದೆ.

ಇದು ನಿಮಗೆ ಹೊಸದೇನಲ್ಲ. ಆಲಮಟ್ಟಿ ಜಲಾಶಯ ತುಂಬಿದಾಗ ನೀರಿನ ಮಟ್ಟ 519.60 ಮೀಟರ್. ಸಾಮಾನ್ಯವಾಗಿ ಆಗಸ್ಟ್ ಹೊತ್ತಿಗೆ ತುಂಬುತ್ತದೆ. ಆಮೇಲೆ ಕಾಲುವೆಗೆ, ಕರೆಂಟಿಗೆ ಬಿಡುತ್ತ ಬಿಡುತ್ತ ಬೇಸಿಗೆಯಲ್ಲಿ ಹತ್ತಾರು ಅಡಿ ಇಳಿಯುತ್ತದೆ. ನೀರು ಸರಿದ ಹಾಗೆ ಹೆರಕಲ್ ಕಡೆ, ಚಿಕ್ಕಸಂಗಮದ ಕಡೆ ಹಸಿ ಮಣ್ಣು ಬಯಲಿಗೆ ಬೀಳುತ್ತದೆ. ಆ ಮಣ್ಣಿನ ಅಂಚಿಗೇ ಬಣ್ಣದ ಕೊಕ್ಕರೆ ಬರುತ್ತದೆ, ರಾಜಹಂಸ ಬರುತ್ತದೆ. ಸೆಪ್ಟೆಂಬರ್‌ನಲ್ಲಿ ತುಂಬಿದ ಹಿನ್ನೀರಿನ ನಡುವೆ ನಿಂತು ರಾಜಹಂಸ ಎಲ್ಲಿ ಎಂದು ಯಾರಾದರೂ ಕೇಳಿದರೆ ನೀವೇ ನಗುತ್ತೀರಿ. ನಿಮ್ಮ ಹಿನ್ನೀರು ವರ್ಷಕ್ಕೆ ಒಂದು ಸಲ ಮಾಡುವ ಕೆಲಸವನ್ನು ಅಳಿವೆ ದಿನಕ್ಕೆ ಎರಡು ಸಲ ಮಾಡುತ್ತದೆ. ನೀವು ತಿಂಗಳ ಲೆಕ್ಕದಲ್ಲಿ ನೋಡಿದ್ದನ್ನು ಅಲ್ಲಿ ತಾಸಿನ ಲೆಕ್ಕದಲ್ಲಿ ನೋಡಬೇಕು, ಅಷ್ಟೇ.

ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ತಾಸು 25 ನಿಮಿಷ. ನಡುವೆ ಒಂದು ಇಳಿತ. ಹಾಗಾಗಿ ಇವತ್ತು 11 ಗಂಟೆಗೆ ತುಂಬಿದ ನೀರು ನಾಳೆ ತುಂಬುವುದು ಹೆಚ್ಚುಕಡಿಮೆ 11.50ಕ್ಕೆ. ಸಂಕಷ್ಟಿ ಮಾಡುವ ಮನೆಯವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಹುಣ್ಣಿಮೆಯಂದು ಹೊತ್ತು ಮುಳುಗುವಾಗ ಹುಟ್ಟುವ ಚಂದ್ರನಿಗೆ ಸಂಕಷ್ಟಿಯ ರಾತ್ರಿ ಎಂಟು, ಒಂಬತ್ತರವರೆಗೆ ಕಾಯುತ್ತೇವಲ್ಲ, ಆ ತಡವೇ ಇಲ್ಲಿ ನೀರಿನ ತಡ. ಚಂದ್ರ ದಿನಾ ಎಷ್ಟು ಹಿಂದೆ ಬೀಳುತ್ತಾನೋ ಉಬ್ಬರವೂ ಸರಾಸರಿ ಅಷ್ಟೇ ಹಿಂದೆ ಬೀಳುತ್ತದೆ.

ಕಾರವಾರ, ಕುಮಟಾ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳಂದು ಹಗಲಿನ ಉಬ್ಬರ ಸುಮಾರಾಗಿ ಹನ್ನೊಂದು, ಹನ್ನೆರಡರ ಹತ್ತಿರ ಬರುತ್ತದೆ. ಇಳಿತ ಬೆಳಗಿನ ಜಾವ ಮತ್ತು ಸಂಜೆ. ಆ ದಿನಗಳಲ್ಲಿ ನೀರು ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಒಂದೂವರೆಯಿಂದ ಎರಡು ಮೀಟರ್ ವ್ಯತ್ಯಾಸ ಇರುತ್ತದೆ. ಅಷ್ಟಮಿಯ ಹೊತ್ತಿಗೆ ಲೆಕ್ಕ ತಿರುಗಿರುತ್ತದೆ. ನಡುಮಧ್ಯಾಹ್ನ ಇಳಿತ, ಬೆಳಿಗ್ಗೆ ಸಂಜೆ ಉಬ್ಬರ, ಏರಿಳಿತವೂ ಸಣ್ಣದು. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ನೀರು 10 ಮೀಟರ್ ಏರುತ್ತದೆ, ಅದರ ಮುಂದೆ ನಮ್ಮದು ಚಿಕ್ಕದು. ಆದರೆ ಅಘನಾಶಿನಿಯಂಥ ಚಪ್ಪಟೆ ಅಳಿವೆಯಲ್ಲಿ ಒಂದೂವರೆ ಮೀಟರ್ ಇಳಿದರೆ ಸಾಕು, ಎಕರೆಗಟ್ಟಲೆ ಕೆಸರು ಎದ್ದು ಬರುತ್ತದೆ.

ತಿಥಿಯ ಲೆಕ್ಕ ಮನೆಯಲ್ಲಿ ಕೂತು ಅಂದಾಜು ಮಾಡಲಿಕ್ಕೆ. ದಿನ ಗಟ್ಟಿಯಾದ ಮೇಲೆ ಕಾರವಾರದ ಉಬ್ಬರ ಇಳಿತದ ಪಟ್ಟಿ ತೆಗೆದು ನಿಮಿಷದ ಲೆಕ್ಕ ನೋಡಲೇಬೇಕು. ಸರ್ವೇ ಆಫ್ ಇಂಡಿಯಾ ಪ್ರತಿವರ್ಷ ಈ ಪಟ್ಟಿ ಹೊರತರುತ್ತದೆ, ಫೋನಿನಲ್ಲೂ ಸಿಗುತ್ತದೆ. ದಿನದ ಎರಡು ಉಬ್ಬರಗಳು ಒಂದೇ ಎತ್ತರ ಇರುವುದಿಲ್ಲ. ಪಟ್ಟಿಯಲ್ಲಿ ಹೊತ್ತಿನ ಪಕ್ಕದ ಎತ್ತರವನ್ನೂ ಓದಿ. ಮತ್ತೆ ಅಳಿವೆಯ ಬಾಯಿಯ ಹತ್ತಿರ ತದಡಿಯಲ್ಲಿ ನೀರು ತುಂಬಿದ ಎಷ್ಟೋ ಹೊತ್ತಿನ ಮೇಲೆ ಒಳಗೆ ಮಿರ್ಜಾನ್ ಕಡೆ ತುಂಬುತ್ತದೆ.

ಹಾಗಾದರೆ ಯಾವ ದಿನ? ಡಿಸೆಂಬರ್, ಜನವರಿ ಇಲ್ಲವೇ ಫೆಬ್ರುವರಿಯಲ್ಲಿ ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದ ಮೇಲೆ ಬರುವ ತದಿಗೆ, ಚೌತಿ ಹಿಡಿಯಿರಿ. ಹುಣ್ಣಿಮೆ ಕಳೆದ ಮೇಲಾದರೆ ಅದು ಸಂಕಷ್ಟಿಯ ಆಸುಪಾಸು. ಆ ದಿನ ಬೆಳಿಗ್ಗೆ ಎಂಟರ ಹೊತ್ತಿಗೆ ಇಳಿತ ಮುಗಿದಿರುತ್ತದೆ. ಅಲ್ಲಿಂದ ನೀರು ಏರುತ್ತ ಏರುತ್ತ ಮಧ್ಯಾಹ್ನ ಎರಡು, ಎರಡೂವರೆಗೆ ತುಂಬುತ್ತದೆ. ಈ ಆರು ತಾಸಿನಲ್ಲಿ ನಿಮಗೆ ಹಕ್ಕಿಯೂ ಸಿಗುತ್ತದೆ, ಮಗನಿಗೆ ಗಾಳಿಯೂ ಸಿಗುತ್ತದೆ. ಹೇಗೆ ಅಂತ ಹೇಳುತ್ತೇನೆ.

ಮೊದಲು ಹಕ್ಕಿ. ಬೆಳಿಗ್ಗೆ ಏಳೂವರೆಗೆ ಕೆಸರಿನ ಅಂಚಿಗೆ ಬನ್ನಿ. ದೋಣಿಗೆ ಅವಸರ ಬೇಡ, ದಂಡೆಯಲ್ಲಿ ಕೂತುಕೊಳ್ಳಿ. ಮೊದಲ ಹತ್ತು ನಿಮಿಷ ಏನೂ ಕಾಣುವುದಿಲ್ಲ. ಆಮೇಲೆ ಕೆಸರೇ ಅಲ್ಲಾಡುತ್ತಿದೆ ಅನ್ನಿಸುತ್ತದೆ. ಸಣ್ಣ ಸಣ್ಣ ಏಡಿಗಳು ಬಿಲದ ಬಾಯಿಗೆ ಬಂದು ನಿಂತಿರುತ್ತವೆ. ಗಂಡಿಗೆ ಒಂದು ಕೊಂಡಿ ಮೈಯಷ್ಟೇ ದೊಡ್ಡದು, ಇನ್ನೊಂದು ಚಿಕ್ಕದು. ಚಿಕ್ಕದರಿಂದ ಮಣ್ಣು ಕೆದರಿ ಬಾಯಿಗೆ ಹಾಕುತ್ತದೆ, ದೊಡ್ಡದನ್ನು ಎತ್ತಿ ಎತ್ತಿ ಬೀಸುತ್ತದೆ. ನಿಮ್ಮ ನೆರಳು ಬಿದ್ದರೆ ಸಾವಿರ ಏಡಿ ಒಟ್ಟಿಗೆ ಮಾಯ. ಅಲುಗಾಡದೆ ಕೂತರೆ ಎರಡು ನಿಮಿಷಕ್ಕೆ ಒಂದೊಂದಾಗಿ ಮತ್ತೆ ಹೊರಗೆ. ಅವುಗಳ ನಡುವೆ ಕಪ್ಪೆಯಂಥ ಕಣ್ಣಿನ ಕೆಸರುಮೀನು, ಮುಂದಿನ ಈಜುರೆಕ್ಕೆ ಊರಿಕೊಂಡು ಕುಪ್ಪಳಿಸುತ್ತ ನಡೆಯುತ್ತದೆ. ಮೀನು ನೆಲದ ಮೇಲೆ ನಡೆಯುವುದನ್ನು ನಿಮ್ಮ ವಿದ್ಯಾರ್ಥಿಗಳಿಗೆ ತೋರಿಸಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಹಕ್ಕಿಗಳು ಬರುವುದು ಇವುಗಳಿಗಾಗಿ. ಒಬ್ಬೊಬ್ಬರ ಊಟ ಒಂದೊಂದು ಆಳದಲ್ಲಿ. ಮರಳುಬಣ್ಣದ ಪುಟ್ಟ ಸ್ಯಾಂಡ್ ಪ್ಲೋವರ್‌ಗೆ ಕೊಕ್ಕು ಗಿಡ್ಡ. ಅದು ಕಣ್ಣಿನಿಂದ ಬೇಟೆಯಾಡುತ್ತದೆ. ನಾಲ್ಕು ಹೆಜ್ಜೆ ಓಡು, ಗಕ್ಕನೆ ನಿಲ್ಲು, ಒಂದು ಕುಕ್ಕು, ಮತ್ತೆ ಓಡು. ಕೆಂಪು ಕಾಲಿನ ರೆಡ್‌ಶ್ಯಾಂಕ್ ಸ್ವಲ್ಪ ಆಳಕ್ಕೆ ಕೊಕ್ಕು ಇಳಿಸುತ್ತದೆ. ಆ ಬಯಲಿನ ಕಾವಲುಗಾರ ಅದೇ. ನೀವು ಎದ್ದು ನಿಂತರೆ ಮೊದಲು ಕೂಗುವುದು ಅದು, ಅದು ಕೂಗಿದರೆ ಇಡೀ ಬಯಲು ಎದ್ದು ಹಾರುತ್ತದೆ. ಕರ್ಲ್ಯೂ ಅಂತ ದೊಡ್ಡ ಕಂದು ಹಕ್ಕಿ ಇದೆ. ಕೊಕ್ಕು ಕುಡುಗೋಲಿನ ಹಾಗೆ ಕೆಳಗೆ ಬಾಗಿದೆ. ಏಡಿಯ ಬಿಲ ಹೇಗೆ ತಿರುಗುತ್ತದೋ ಹಾಗೆ ಕೊಕ್ಕು ತಿರುಗಿಸಿ ಒಳಗೆ ಇಳಿಸುತ್ತದೆ. ಹೊರಗೆಳೆದ ಏಡಿಯನ್ನು ಕುಕ್ಕಿ ಕುಕ್ಕಿ ಕಾಲು ಉದುರಿಸಿ ಆಮೇಲೆ ನುಂಗುತ್ತದೆ. ಇದನ್ನು ಒಂದು ಸಲ ಬೈನಾಕ್ಯುಲರ್‌ನಲ್ಲಿ ನೋಡಿದವರು ಮತ್ತೆ ಯಾವ ಕೆಸರನ್ನೂ ಬರೀ ಕೆಸರು ಅನ್ನುವುದಿಲ್ಲ.

ಎಂಟೂವರೆ, ಒಂಬತ್ತರಿಂದ ನೀರು ಒಳಗೆ ಬರಲು ಶುರುವಾಗುತ್ತದೆ. ಈಗ ಕದಲಬೇಡಿ. ದೂರದಲ್ಲಿ ಚುಕ್ಕೆಯಂತಿದ್ದ ಹಕ್ಕಿಗಳನ್ನು ನೀರೇ ನಿಮ್ಮ ಕಡೆ ತಳ್ಳಿಕೊಂಡು ಬರುತ್ತದೆ. ಅವಕ್ಕೆ ಕಾಲಿಡುವಷ್ಟು ಕೆಸರು ಬೇಕು, ಆ ಕೆಸರಿನ ಪಟ್ಟಿ ಅಗಲ ಕಡಿಮೆಯಾಗುತ್ತ ಬರುತ್ತದೆ. ಹನ್ನೊಂದರ ಹೊತ್ತಿಗೆ ಎಲ್ಲವೂ ಕೊನೆಯ ಪಟ್ಟಿಯಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ. ಇಳಿತದ ಹೊತ್ತಿನಲ್ಲಿ ನೀವು ಹಕ್ಕಿಯ ಹಿಂದೆ ಹೋದಿರಿ, ಅವು ನೀರಿನ ಹಿಂದೆ ಹೋದವು. ಹೋದ ವರ್ಷ ಆಗಿದ್ದು ಅದೇ. ಏರುವ ನೀರಿನಲ್ಲಿ ನೀವು ಕೂತರೆ ಸಾಕು.

ಪೂರ್ತಿ ತುಂಬಿದ ಮೇಲೆ ಅವು ಎಲ್ಲಿ ಹೋಗುತ್ತವೆ? ನೀವು ಮೊದಲ ದಿನ ದೋಣಿಯಲ್ಲಿ ಹುಡುಕಿದ ಹಕ್ಕಿಗಳೆಲ್ಲ ಆ ಹೊತ್ತಿನಲ್ಲಿ ಗಜನಿಯ ಬದುಗಳ ಮೇಲೆ, ಸಾಣಿಕಟ್ಟಾದ ಉಪ್ಪಿನ ಗದ್ದೆಗಳ ದಿಬ್ಬಗಳ ಮೇಲೆ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಮರಗಳ ಮೇಲೆ ಕೂತು ವಿಶ್ರಾಂತಿ ಪಡೆಯುತ್ತಿರುತ್ತವೆ. ಹಾಗಾಗಿ ಉಬ್ಬರದ ಹೊತ್ತಿಗೆ ದೋಣಿ ಬಿಟ್ಟು ರಸ್ತೆ ಹಿಡಿಯಿರಿ. ಸಾಣಿಕಟ್ಟಾ ಗೋಕರ್ಣದ ದಾರಿಯಲ್ಲೇ ಇದೆ. ಬದುವಿನ ಮೇಲೆ ನಡೆದು ಹೋಗಬೇಡಿ, ರಸ್ತೆಯಿಂದಲೇ ನೋಡಿ. ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಈ ಹಕ್ಕಿಗಳಲ್ಲಿ ಬಹಳಷ್ಟು ಮಧ್ಯ ಏಷ್ಯಾ, ಸೈಬೀರಿಯಾದ ಕಡೆಯಿಂದ ಬಂದವು. ಮಾರ್ಚ್, ಏಪ್ರಿಲ್‌ನಲ್ಲಿ ವಾಪಸ್ ಹಾರಬೇಕು. ಅದಕ್ಕೆ ಬೇಕಾದ ಕೊಬ್ಬನ್ನು ಇಲ್ಲೇ ಕೂಡಿಡಬೇಕು. ತಿನ್ನಲು ಸಿಗುವುದು ಇಳಿತದ ಕೆಲವು ತಾಸು ಮಾತ್ರ. ವಿಶ್ರಾಂತಿಯ ಹೊತ್ತಿನಲ್ಲಿ ಫೋಟೋಗೆಂದು ನಾವು ಎಬ್ಬಿಸಿದರೆ ತಿಂದದ್ದೆಲ್ಲ ಅಲ್ಲೇ ಖರ್ಚು. ನಮ್ಮ ಹಿನ್ನೀರಿನಲ್ಲಿ ರಾಜಹಂಸದ ಹಿಂಡಿನ ಕಡೆ ಮೊಬೈಲ್ ಹಿಡಿದು ಓಡುವವರನ್ನು ನೋಡಿದಾಗಲೂ ನನಗೆ ಇದೇ ಸಂಕಟ. ದಯವಿಟ್ಟು ನಿಮ್ಮ ಮಕ್ಕಳಿಗೆ ಇದನ್ನು ಹೇಳಿಕೊಡಿ. ಡ್ರೋನ್ ಅಂತೂ ಬೇಡವೇ ಬೇಡ.

ಗಜನಿ ಅಂದೆ. ನೀವು ಒಕ್ಕಲುತನದ ಊರಿನವರು, ಇದನ್ನು ನೋಡದೆ ಬರಬೇಡಿ. ಅಳಿವೆಯ ಪಕ್ಕದ ತಗ್ಗು ಗದ್ದೆಗಳು ಇವು, ಉಪ್ಪುನೀರು ನುಗ್ಗುವ ಜಾಗ. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದಾಗ ಕಗ್ಗ ಅನ್ನುವ ಭತ್ತ ಬಿತ್ತುತ್ತಾರೆ. ಉಪ್ಪನ್ನೂ ತಾಳುತ್ತದೆ, ನೆರೆಯಲ್ಲಿ ಮುಳುಗಿದರೂ ತಾಳುತ್ತದೆ. ಕೊಯ್ಲಾದ ಮೇಲೆ ಬದುವಿನ ಬಾಗಿಲು ತೆಗೆದು ಉಬ್ಬರದ ನೀರನ್ನು ಒಳಗೆ ಬಿಡುತ್ತಾರೆ. ನೀರಿನ ಜೊತೆ ಸಿಗಡಿ, ಮೀನಿನ ಮರಿ ಬರುತ್ತವೆ. ಉಳಿದ ಕೂಳೆ ಕೊಳೆತು ಅವಕ್ಕೆ ಆಹಾರವಾಗುತ್ತದೆ. ಒಂದೇ ಹೊಲದಲ್ಲಿ ಅರ್ಧ ವರ್ಷ ಅನ್ನ, ಅರ್ಧ ವರ್ಷ ಮೀನು. ಹಿನ್ನೀರು ಇಳಿದ ಜಾಗದಲ್ಲಿ ಬಿತ್ತುವ ನಮ್ಮ ರೈತರು ಇದನ್ನು ನೋಡಿದರೆ ತಾಸುಗಟ್ಟಲೆ ಮಾತಾಡುತ್ತಾರೆ.

ಇಷ್ಟೆಲ್ಲ ಇಲ್ಲಿ ಇನ್ನೂ ಉಳಿದಿರುವುದಕ್ಕೆ ಒಂದು ದೊಡ್ಡ ಕಾರಣ, ಅಘನಾಶಿನಿಗೆ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ. ಶಿರಸಿ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ತನ್ನ ಹೂಳು, ತನ್ನ ಸಿಹಿನೀರು ಎಲ್ಲವನ್ನೂ ಹೊತ್ತು ಸಮುದ್ರದವರೆಗೆ ಬರುತ್ತದೆ. ಮಳೆಗಾಲದಲ್ಲಿ ಅಳಿವೆ ಬಹುಪಾಲು ಸಿಹಿ, ಬೇಸಿಗೆಯಲ್ಲಿ ಉಪ್ಪು ಬಹಳ ಒಳಗಿನವರೆಗೆ ಏರುತ್ತದೆ. ಈ ಎರಡರ ನಡುವಿನ ಹದದಲ್ಲಿ ಬಳಚು ಅನ್ನುವ ಚಿಪ್ಪುಜೀವಿ ಬೆಳೆಯುತ್ತದೆ, ಕಾಂಡ್ಲಾ ಬೆಳೆಯುತ್ತದೆ. ಮೀನು, ಏಡಿ, ಬಳಚು, ಸಿಗಡಿ, ಗಜನಿ ಭತ್ತ, ಉಪ್ಪು ಎಲ್ಲ ಸೇರಿ ಆರೇಳು ಸಾವಿರ ಕುಟುಂಬಗಳಿಗೆ ಈ ಅಳಿವೆಯೇ ಆಧಾರ. 2024ರಲ್ಲಿ ಇದು ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು, 4,801 ಹೆಕ್ಟೇರ್. ಅದೇ ಸಲ ಸೇರಿದ ಇನ್ನೊಂದು ಜಾಗ ನಿಮಗೆ ಹತ್ತಿರದ್ದು, ಗದಗ ಜಿಲ್ಲೆಯ ಮಾಗಡಿ ಕೆರೆ. ಪಟ್ಟೆತಲೆ ಹೆಬ್ಬಾತುಗಳನ್ನು ನೋಡಬೇಕಾದರೆ ಚಳಿಗಾಲದಲ್ಲಿ ಅಲ್ಲಿಗೆ ಹೋಗಿ.

ಇನ್ನು ಮಗನ ಹಾಯಿ. ಹಾಯಿದೋಣಿ ಓಡಿಸಲು ನೀರನ್ನೂ ಗಾಳಿಯನ್ನೂ ಕೂಡಿಸಿ ನೋಡಬೇಕು. ಚಳಿಗಾಲದಲ್ಲಿ ಈ ಕರಾವಳಿಯ ಗಾಳಿಗೆ ಒಂದು ದಿನಚರಿ ಇದೆ. ಬೆಳಗಿನ ಜಾವ ನೆಲ ತಣ್ಣಗಿರುತ್ತದೆ, ಗಾಳಿ ಘಟ್ಟದ ಕಡೆಯಿಂದ ಸಮುದ್ರಕ್ಕೆ ಮೆಲ್ಲಗೆ ಬೀಸುತ್ತದೆ. ಒಂಬತ್ತು, ಹತ್ತರ ಹೊತ್ತಿಗೆ ನಿಂತುಹೋಗುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ, ಹನ್ನೊಂದು, ಹನ್ನೆರಡಕ್ಕೆ ಪಡುವಣದಿಂದ ಕಡಲ ಗಾಳಿ ಶುರು. ಎರಡರಿಂದ ನಾಲ್ಕರವರೆಗೆ ಅದರ ಜೋರು. ಹೊತ್ತು ಮುಳುಗಿದ ಮೇಲೆ ಸುಮ್ಮನಾಗುತ್ತದೆ. ಹಳೆಯ ಹಾಯಿದೋಣಿಯವರು ಬೆಳಗಿನ ಗಾಳಿಯಲ್ಲಿ ಸಮುದ್ರಕ್ಕೆ ಹೋಗಿ ಮಧ್ಯಾಹ್ನದ ಗಾಳಿಯಲ್ಲಿ ಮರಳುತ್ತಿದ್ದರು. 19ನೇ ಶತಮಾನದಲ್ಲಿ ನಮ್ಮ ಧಾರವಾಡ, ಬಿಜಾಪುರ ಸೀಮೆಯ ಹತ್ತಿ ಎತ್ತಿನ ಮೇಲೆ, ಗಾಡಿಯ ಮೇಲೆ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತು. ಅಲ್ಲಿಂದ ಇದೇ ಗಾಳಿಯಲ್ಲಿ ಹಾಯಿ ಬಿಚ್ಚಿ ಮುಂಬಯಿಗೆ. ಕುಮಟಾದಲ್ಲಿ ಹತ್ತಿ ಬೆಳೆಯದಿದ್ದರೂ ಮಾರುಕಟ್ಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಅಂತಲೇ ಹೆಸರಾಗಿತ್ತು.

ಈಗ ತದಿಗೆ, ಚೌತಿಗೆ ಮರಳೋಣ. ಹನ್ನೆರಡಕ್ಕೆ ಕಡಲ ಗಾಳಿ ಏಳುತ್ತದೆ, ಉಬ್ಬರ ಇನ್ನೂ ಎರಡು ತಾಸು ಬಾಕಿ ಇದೆ. ಗಾಳಿಯೂ ನೀರೂ ಎರಡೂ ಒಳಮುಖ. ನೀರು ನುಣ್ಣಗಿರುತ್ತದೆ, ದೋಣಿ ತಾನೇ ತಾನಾಗಿ ಹೋದ ಹಾಗೆ ಹೋಗುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆ ಹೊತ್ತು ಇಲ್ಲ.

ಅದೇ ಹುಣ್ಣಿಮೆಯ ದಿನ ನೋಡಿ. ಮೂರು ಗಂಟೆಗೆ ಗಾಳಿ ಜೋರಾಗಿ ಒಳಗೆ ಬೀಸುತ್ತಿರುತ್ತದೆ, ಇಳಿತದ ನೀರು ಅಷ್ಟೇ ಜೋರಾಗಿ ಹೊರಗೆ ಓಡುತ್ತಿರುತ್ತದೆ. ಎರಡೂ ಎದುರಾದಾಗ ಅಲೆ ಗಿಡ್ಡವಾಗಿ, ಕಡಿದಾಗಿ ಏಳುತ್ತದೆ. ಹಿನ್ನೀರಿನಲ್ಲಿ ಇಂಥ ಅಲೆ ನೀವು ನೋಡಿರಲಿಕ್ಕಿಲ್ಲ, ಯಾಕಂದರೆ ಅಲ್ಲಿ ಗಾಳಿ ಇದ್ದರೂ ಎದುರು ಓಡುವ ನೀರು ಇಲ್ಲ. ಅಳಿವೆಯ ಬಾಯಿಯಲ್ಲಂತೂ ಮರಳಿನ ದಿಬ್ಬಗಳಿವೆ, ಅವು ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುತ್ತವೆ. ದಿಬ್ಬದ ಮೇಲೆ ಸಮುದ್ರದ ಅಲೆ ಮುರಿಯುತ್ತದೆ. ಅನುಭವಿ ಮೀನುಗಾರರ ದೋಣಿಗಳೇ ಇಂಥ ಅಳಿವೆ ಬಾಯಿಗಳಲ್ಲಿ ಮಗುಚಿದ್ದುಂಟು. ಹಾಗಾಗಿ ಇಳಿತದ ಹೊತ್ತಿನಲ್ಲಿ, ಮಧ್ಯಾಹ್ನದ ಮೇಲೆ, ಮಕ್ಕಳನ್ನು ಕಟ್ಟಿಕೊಂಡು ಬಾಯಿಯ ಹತ್ತಿರ ಹೋಗಲೇಬೇಡಿ. ದೋಣಿಯವರು ಕರೆದರೂ ಬೇಡ ಅನ್ನಿ.

ನೀರಿನ ಓಟವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹಗುರ ಗಾಳಿಯಲ್ಲಿ ಸಣ್ಣ ಹಾಯಿದೋಣಿ ಗಂಟೆಗೆ 5 ಕಿ.ಮೀ. ಹೋಗುತ್ತದೆ ಅಂದುಕೊಳ್ಳಿ. ಎದುರಿಗೆ 3 ಕಿ.ಮೀ. ವೇಗದ ಇಳಿತ ಇದ್ದರೆ ದಂಡೆಯ ಲೆಕ್ಕದಲ್ಲಿ ನೀವು ಸಾಗುವುದು ಎರಡೇ ಕಿ.ಮೀ. ದೋಣಿ ಓಡುತ್ತಿದೆ ಅನ್ನಿಸುತ್ತದೆ, ದಂಡೆಯ ತೆಂಗಿನ ಮರ ಮಾತ್ರ ಅಲ್ಲೇ ಇರುತ್ತದೆ. ಉಬ್ಬರ ಇಳಿತಗಳ ನಡುವಿನ ಎರಡು ತಾಸಿನಲ್ಲಿ ಓಟ ಅತಿ ಜೋರು. ಶುರುವಿನಲ್ಲಿ, ಕೊನೆಯಲ್ಲಿ ನಿಧಾನ. ಇನ್ನೊಂದು, ಹಾಯಿದೋಣಿ ಗಾಳಿಗೆ ನೇರ ಎದುರು ಹೋಗಲಾರದು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ಹಾವಿನಂತೆ ಹೋಗಬೇಕು. ಅದಕ್ಕೆ ಅಗಲವೂ ಬೇಕು, ಆಳವೂ ಬೇಕು. ದೋಣಿಯ ನಡುವೆ ನೀರೊಳಗೆ ಇಳಿಸುವ ಹಲಗೆ ಕೆಸರಿಗೆ ತಾಗಿದರೆ ಆಟ ಮುಗಿಯಿತು.

ನಿಜ ಹೇಳಬೇಕೆಂದರೆ, ಅಘನಾಶಿನಿಯಲ್ಲಿ ಬಾಡಿಗೆಗೆ ಸಿಗುವುದು ಬಹುತೇಕ ಇಂಜಿನ್ ದೋಣಿ. ಹಾಯಿ ಕಲಿಯಬೇಕಾದರೆ ಮಗನನ್ನು ಗೋವಾಕ್ಕೆ ಕರೆದುಕೊಂಡು ಹೋಗುವುದು ಒಳ್ಳೆಯದು. ಅಲ್ಲಿ ಮಾಂಡೋವಿ, ಜುವಾರಿ ಎರಡೂ ದೊಡ್ಡ ಅಳಿವೆಗಳು, ಹಾಯಿ ಕಲಿಸುವವರು ಇದ್ದಾರೆ. ಮಾಂಡೋವಿ ಬೇರೆ ಯಾವುದೂ ಅಲ್ಲ, ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ ಹುಟ್ಟುವ ನಮ್ಮ ಮಹದಾಯಿಯೇ. ಅದೇ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಮೂಡಲಿಗೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ಮಗ 15 ವರ್ಷದೊಳಗಿನವನಾದ್ದರಿಂದ ಆಪ್ಟಿಮಿಸ್ಟ್ ಅನ್ನುವ ಪುಟ್ಟ ದೋಣಿಯಿಂದ ಶುರು ಮಾಡುತ್ತಾರೆ. ಉದ್ದ 2.3 ಮೀಟರ್, ಒಂದೇ ಹಾಯಿ, ಒಬ್ಬನೇ ಮಗು. ಕಲಿಸುವವರ ಹತ್ತಿರ ಎರಡು ಮಾತು ಕೇಳಿ: ಹಿಂದೆ ಇಂಜಿನ್ ಇರುವ ಕಾವಲು ದೋಣಿ ಬರುತ್ತದೆಯೇ, ಮೊದಲ ದಿನವೇ ದೋಣಿ ಮಗುಚಿ ಮತ್ತೆ ಎತ್ತುವುದನ್ನು ಕಲಿಸುತ್ತೀರಾ. ಎರಡಕ್ಕೂ ಹೌದು ಅಂದರೆ ಮಾತ್ರ ಸೇರಿಸಿ. ಮಗನಿಗೆ ಈಜು ಬರಲೇಬೇಕು. ಅಲೆಯ ತುದಿಯಲ್ಲಿ ಎಲ್ಲಾ ಕಡೆ ಬಿಳಿ ನೊರೆ ಕಾಣಲು ಶುರುವಾದರೆ ಕಲಿಯುವ ಮಕ್ಕಳು ದಂಡೆಗೆ ಬರುವ ಹೊತ್ತಾಯಿತು ಅಂತ ಅರ್ಥ.

ನಿಮ್ಮ ದೋಣಿ ಮರಳಿಗೆ ಕೂತದ್ದಕ್ಕೂ ಕಾರಣ ಇದೇ. ಇಳಿಯುವ ನೀರಿನಲ್ಲಿ ದೋಣಿ ತಳ ತಾಗಿದರೆ ಪ್ರತಿ ನಿಮಿಷಕ್ಕೂ ನೀರು ಕಡಿಮೆಯಾಗುತ್ತದೆ. ತಾಗಿದ ಕ್ಷಣವೇ ಇಳಿದು ತಳ್ಳದಿದ್ದರೆ, ಇಳಿತ ಮುಗಿದು ನೀರು ಮತ್ತೆ ಅಷ್ಟೇ ಏರುವವರೆಗೆ ಅಲ್ಲೇ ಗತಿ. ಏರುವ ನೀರಿನಲ್ಲಿ ತಾಗಿದರೆ ಚಿಂತೆಯಿಲ್ಲ, ಸುಮ್ನೆ ಕೂತಿರಿ, ನೀರೇ ಎತ್ತುತ್ತದೆ. ಅದಕ್ಕೇ ಸಣ್ಣ ಕವಲುಗಳಿಗೆ, ಕಾಂಡ್ಲಾ ಕಾಡಿನ ಸಂದಿಗಳಿಗೆ ಹೋಗುವುದಾದರೆ ನೀರು ಏರುವಾಗಲೇ ಹೋಗಬೇಕು, ತುಂಬುತ್ತಿದ್ದಂತೆ ಹೊರಗೆ ಬರಬೇಕು. ದೋಣಿಯವರಿಗೆ ಮೊದಲೇ ಹೇಳಿ, ಕವಲಿನಲ್ಲಿ ಇಂಜಿನ್ ಬಂದ್ ಮಾಡಿ ಹುಟ್ಟಿನಲ್ಲೋ ಗಳದಲ್ಲೋ ನಡೆಸಬೇಕು ಅಂತ. ಸದ್ದು ನಿಂತ ಮೇಲೆ ಮಿಂಚುಳ್ಳಿ ಕೊಂಬೆ ಬಿಟ್ಟು ಏಳುವುದಿಲ್ಲ. ಅದೃಷ್ಟವಿದ್ದರೆ ನೀರುನಾಯಿಯೂ ತಲೆ ಎತ್ತೀತು. ಲೈಫ್ ಜಾಕೆಟ್ ಪ್ರತಿಯೊಬ್ಬರಿಗೂ ಇರಬೇಕು, ಮಕ್ಕಳ ಅಳತೆಯದ್ದು ಬೇರೆ ಇರಬೇಕು. ದೊಡ್ಡವರ ಜಾಕೆಟ್ ಮಗುವಿಗೆ ಹಾಕಿದರೆ ನೀರಿಗೆ ಬಿದ್ದಾಗ ತಲೆಯ ಮೇಲಿಂದ ಕಳಚಿ ಹೋಗುತ್ತದೆ.

ಕೆಸರಿನ ಮೇಲೆ ಇಳಿದು ಓಡಾಡುವುದು ಬೇಡ. ಅಪಾಯ ಒಂದು ಕಡೆ, ಅದು ಇನ್ನೊಬ್ಬರ ಹೊಲ ಅನ್ನುವುದು ಇನ್ನೊಂದು ಕಡೆ. ಇಳಿತದ ಹೊತ್ತಿಗೆ ಹೆಂಗಸರು ಸೊಂಟದ ನೀರಿಗೆ ಇಳಿದು ಕಾಲಿನಿಂದ ತಡಕಿ, ಕೈಯಿಂದ ಎತ್ತಿ ಬಳಚು ಕೂಡಿಸುವುದನ್ನು ನೋಡುತ್ತೀರಿ. ನಾವು ತುಳಿದು ಹಾಳು ಮಾಡುವುದು ಅವರ ಸಂಜೆಯ ಸಂಪಾದನೆಯನ್ನು.

ಡಾಲ್ಫಿನ್ ಕಾಣುತ್ತವೆ. ಹಂಪ್‌ಬ್ಯಾಕ್ ಡಾಲ್ಫಿನ್ ಅನ್ನುವ ಬೂದು ಬಣ್ಣದ ಜಾತಿ ಆಳ ಸಮುದ್ರಕ್ಕಿಂತ ಅಳಿವೆ ಬಾಯಿಗಳ ಹತ್ತಿರದ ಆಳವಿಲ್ಲದ ನೀರನ್ನೇ ಇಷ್ಟಪಡುತ್ತದೆ. ಗ್ಯಾರಂಟಿ ಅನ್ನುವವರನ್ನು ಮಾತ್ರ ನಂಬಬೇಡಿ, ಗ್ಯಾರಂಟಿ ಕೊಟ್ಟವರು ಅಟ್ಟಿಸಿಕೊಂಡು ಹೋಗುತ್ತಾರೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ ರಕ್ಷಣೆ ಪಡೆದ ಪ್ರಾಣಿ ಅದು. ಕಂಡರೆ ಇಂಜಿನ್ ನಿಧಾನ ಮಾಡಿಸಿ, ದಾರಿಗೆ ಅಡ್ಡ ಹೋಗದೆ ಪಕ್ಕದಲ್ಲಿ ನಿಲ್ಲಿಸಿ. ಬೇಕಾದರೆ ಅವೇ ಹತ್ತಿರ ಬರುತ್ತವೆ. ಬೆಳಿಗ್ಗೆ ಸಮುದ್ರ ಶಾಂತವಾಗಿದ್ದಾಗ ದಂಡೆಯಿಂದ ನೋಡಿದರೂ ಬೆನ್ನಿನ ಗೂನು ಮತ್ತು ಚಿಕ್ಕ ರೆಕ್ಕೆ ಗುರುತಾಗುತ್ತದೆ.

ದಾರಿಯ ಬಗ್ಗೆ ಒಂದೇ ಮಾತು. ವಿಜಯಪುರದಿಂದ ಕೊಲ್ಹಾರದ ಸೇತುವೆ ದಾಟಿ ಬರುವ ರಾಷ್ಟ್ರೀಯ ಹೆದ್ದಾರಿ 52 ಹುಬ್ಬಳ್ಳಿ, ಯಲ್ಲಾಪುರದ ಮೇಲೆ ನೇರ ಅಂಕೋಲೆಗೆ ಮುಟ್ಟಿಸುತ್ತದೆ. ಅಲ್ಲಿಂದ ಎಡಕ್ಕೆ ಕುಮಟಾ. ಅರಬೈಲು ಘಟ್ಟವನ್ನು ಹಗಲಿನಲ್ಲೇ ಇಳಿಯಿರಿ. ಜೂನ್, ಜುಲೈ ಬೇಡ. ಮೀನುಗಾರಿಕೆ ನಿಷೇಧದ ಕಾಲ, ಅಳಿವೆಯೂ ಕೆಂಪು ನೆರೆಯಲ್ಲಿ ಇರುತ್ತದೆ, ವಲಸೆ ಹಕ್ಕಿಗಳೂ ಬಂದಿರುವುದಿಲ್ಲ.

ಇನ್ನು ಅವ್ವನ ವಿಷಯ. ಅವರಿಗೆ ಚಿಕ್ಕ ದೋಣಿ ಬೇಡ. ತದಡಿಯಿಂದ ಎದುರು ದಂಡೆಯ ಅಘನಾಶಿನಿ ಊರಿಗೆ ಜನರನ್ನು, ಬೈಕುಗಳನ್ನು ದಾಟಿಸುವ ದೋಣಿ ಇದೆ. ಅದು ಅಗಲವಾದದ್ದು. ನೀರು ತುಂಬಿದಾಗ ದೋಣಿಯ ಅಂಚು ದಕ್ಕೆಯ, ಅಂದರೆ ದೋಣಿ ನಿಲ್ಲುವ ಕಟ್ಟೆಯ, ಹತ್ತಿರಕ್ಕೆ ಏರಿರುತ್ತದೆ, ಕಾಲು ಎತ್ತಿಡುವುದು ಸುಲಭ. ಇಳಿತದಲ್ಲಿ ಅದೇ ದೋಣಿ ನಾಲ್ಕೈದು ಅಡಿ ಕೆಳಗೆ ಹೋಗಿರುತ್ತದೆ, ಆಗ ಕರೆದೊಯ್ಯಬೇಡಿ. ತದಿಗೆ, ಚೌತಿಯ ದಿನ ಮಧ್ಯಾಹ್ನ ಒಂದೂವರೆಗೆ ಹತ್ತಿಸಿ ಎರಡೂವರೆಯೊಳಗೆ ವಾಪಸ್ ಕರೆತನ್ನಿ. ಬೆಳಗಿನ ಹೊತ್ತಿಗೆ ಒಂದು ಮಡಚುವ ಕುರ್ಚಿ, ಟೊಪ್ಪಿಗೆ, ಒಂದು ಬೈನಾಕ್ಯುಲರ್ ಇರಲಿ. ತದಡಿಯಲ್ಲಿ ಮೀನಿನ ದೋಣಿಗಳು ಬರುವ ಹೊತ್ತಿಗೆ ದಕ್ಕೆಯ ಪಕ್ಕ ನೆರಳಿನಲ್ಲಿ ಕೂರಿಸಿದರೆ ಗರುಡಗಳು, ಕಡಲ ಹಕ್ಕಿಗಳು, ಬಿಳಿ ಮತ್ತು ಬೂದು ಕೊಕ್ಕರೆಗಳು ಅವರ ಹತ್ತಿರಕ್ಕೇ ಬರುತ್ತವೆ. ಬೇಗ ಬಂದು ಜಾಗ ಹಿಡಿಯಿರಿ, ಒಂಬತ್ತರ ಮೇಲೆ ಲಾರಿಗಳು, ಐಸ್ ಗಾಡಿಗಳು ಸೇರಿ ಕುರ್ಚಿ ಹಾಕಲು ಜಾಗ ಸಿಗುವುದಿಲ್ಲ.